ಅನುಭವ ಗೋಷ್ಠಿಯ ಅಲ್ಲಮಪ್ರಭು

ಶಿವಮೊಗ್ಗ ಜಿಲ್ಲೆಯ ಶಿಕಾರಿಪುರ ತಾಲ್ಲೂಕಿನಲ್ಲಿ ಬಳ್ಳಿಗಾವೆ ಎಂಬ ಊರಿದೆ. ಇಂದು ಅದೊಂದು ಸಾಮಾನ್ಯ ಹಳ್ಳಿ. ಎಂಟುನೂರು ವರ್ಷಗಳ ಹಿಂದೆ ಅದು ಬನವಾಸಿ ನಾಡಿನ ಹೆಸರಾಂತ ಪಟ್ಟಣವಾಗಿತ್ತು. ಶಿವಾಲಯಗಳು, ವಿಷ್ಣುವಿನ ಗುಡಿಗಳು, ಜೈನರ ಬಸದಿಗಳು, ಬೌದ್ಧರ ವಿಹಾರ ಎಲ್ಲವೂ ಆ ಒಂದೇ ಊರಿನಲ್ಲಿದ್ದವು. ಅಲ್ಲಿನ ಕೇದಾರೇಶ್ವರ ದೇವಾಲಯಕ್ಕೆ ಸೇರಿದ ಕೋಡಿಯ ಮಠವನ್ನು 1162ರ ಶಾಸನವೊಂದು ಬಹುವಾಗಿ ಕೊಂಡಾಡಿದೆ. ವೇದ, ವ್ಯಾಕರಣ, ನ್ಯಾಯ, ಯೋಗ ಮೊದಲಾದ ಶಾಸ್ತ್ರಗಳನ್ನು ಅಲ್ಲಿ ಕಲಿಸುತ್ತಿದ್ದರು. ಬಡವರಿಗೆ ಅನ್ನವೂ ರೋಗಿಗಳಿಗೆ ಔಷಧವೂ ಅಲ್ಲಿ ದೊರೆಯುತ್ತಿದ್ದವು. ವಿದ್ಯೆ ಇದ್ದೆಡೆಯಲ್ಲಿ ವಾದವೂ ಇರುತ್ತದೆ. ಈ ಊರಿನ ಹನ್ನೊಂದನೆಯ ಶತಮಾನದ ಇನ್ನೊಂದು ಶಾಸನವು ಲಕುಲೀಶ್ವರ ಪಂಡಿತನೆಂಬ ವಿದ್ವಾಂಸನನ್ನು ಹೊಗಳುವಾಗ, ಅವನ ಪಾಂಡಿತ್ಯಕ್ಕಿಂತ ಹೆಚ್ಚಾಗಿ ಅವನು ವಾದದಲ್ಲಿ ಎದುರಾಳಿಗಳನ್ನು ಗೆದ್ದುದನ್ನೇ ಎತ್ತಿ ಹೇಳುತ್ತದೆ.

ಇಂಥ ಊರಿನಲ್ಲಿ ಹುಟ್ಟಿದವನು ಅಲ್ಲಮ. ಮುಂದೆ ಅಲ್ಲಮಪ್ರಭುವೆಂದು, ಪ್ರಭುದೇವರೆಂದು ನಾಡೆಲ್ಲ ಹೆಸರಾದವರು ಅವರೇ. ಆದರೆ ಅವರ ಹೆಸರು ನಿಂತದ್ದು ಯಾರನ್ನೋ ವಾದದಲ್ಲಿ ಗೆದ್ದುದರಿಂದಲ್ಲ. ಮಾತನ್ನು ಗೆಲುವಿನ ಆಯುಧವೆಂದು ಬಗೆದಿದ್ದ ಕಾಲದಲ್ಲಿ, ಅದನ್ನು ಅರಿವಿನ ದಾರಿಯನ್ನಾಗಿ ಮಾಡಿದುದು ಅವರ ಹಿರಿಮೆ. ಅದನ್ನು ತಿಳಿಯಬೇಕಾದರೆ ಆ ಕಾಲದ ವಾದಗಳು ಹೇಗೆ ನಡೆಯುತ್ತಿದ್ದವು ಎಂಬುದನ್ನು ಮೊದಲು ತುಸು ನೋಡಬೇಕು.

ನಮ್ಮ ಹಿಂದಿನವರು ಮಾತಿನ ಹೋರಾಟವನ್ನು ಬಹು ಸೂಕ್ಷ್ಮವಾಗಿ ಪರೀಕ್ಷಿಸಿದ್ದರು. ಗೌತಮನ ನ್ಯಾಯಸೂತ್ರಗಳಲ್ಲಿ ಅದನ್ನು ವಾದ, ಜಲ್ಪ, ವಿತಂಡ ಎಂದು ಮೂರು ಬಗೆಯಾಗಿ ವಿಂಗಡಿಸಿದೆ. ಸತ್ಯವನ್ನು ತಿಳಿಯಬೇಕೆಂಬ ಹಂಬಲದಿಂದ ಇಬ್ಬರು ಕೂಡಿ ನಡೆಸುವ ವಿಚಾರ ವಾದ. ಸತ್ಯ ಎಲ್ಲಿಯಾದರೂ ಇರಲಿ, ಗೆಲುವು ತನ್ನದಾಗಬೇಕೆಂದು ಉಪಾಯಗಳನ್ನು ಹೂಡಿ ನಡೆಸುವುದು ಜಲ್ಪ. ತನ್ನದೆಂಬ ಒಂದು ಪಕ್ಷವನ್ನೂ ಇಡದೆ, ಎದುರಿನವನು ಹೇಳಿದುದನ್ನೆಲ್ಲ ಕೆಡವುತ್ತ ಹೋಗುವುದು ವಿತಂಡ. ಇವುಗಳಲ್ಲಿ ವಿತಂಡವಾದ ಎಂಬ ಮಾತು ಇಂದಿಗೂ ನಮ್ಮ ಬಾಯಲ್ಲಿದೆ. ಜಲ್ಪವೆಂಬ ಹೆಸರು ಬಳಕೆಯಿಂದ ಜಾರಿಹೋಗಿದೆ. ಹೆಸರು ಹೋದರೂ ಕೆಲಸ ನಿಂತಿಲ್ಲ, ಅದು ಈಗ ವಾದವೆಂಬ ಹೆಸರಿನಲ್ಲಿಯೇ ನಡೆಯುತ್ತಿದೆ. ಶಾಸ್ತ್ರಕಾರರು ವಾದವೆಂದು ಕರೆದುದನ್ನು ನಾವಿಂದು ಚರ್ಚೆ ಎನ್ನುತ್ತೇವೆ. ನಮ್ಮ ಶಾಲೆಗಳಲ್ಲಿ ವರ್ಷಕ್ಕೊಮ್ಮೆ ಚರ್ಚಾಸ್ಪರ್ಧೆ ನಡೆಯುತ್ತದೆಯಷ್ಟೆ. ಪರವಾಗಿ ಒಬ್ಬರು, ವಿರೋಧವಾಗಿ ಒಬ್ಬರು ಮಾತನಾಡುತ್ತಾರೆ. ಗಂಟೆ ಬಾರಿಸಿದೊಡನೆ ನಿಲ್ಲಿಸುತ್ತಾರೆ. ತೀರ್ಪುಗಾರರು ಬಹುಮಾನ ಕೊಡುತ್ತಾರೆ. ಮಾತಿನ ಕಲೆಯನ್ನು ಕಲಿಯಲು ಅದು ಒಳ್ಳೆಯ ಅಭ್ಯಾಸವೇ ಸರಿ. ಆದರೆ ಚರ್ಚೆ ಎಂಬ ಮಾತೂ ಸ್ಪರ್ಧೆ ಎಂಬ ಮಾತೂ ಒಂದೇ ಪದದಲ್ಲಿ ಹೇಗೆ ಕೂಡಿಕೊಂಡವೋ! ವಿರೋಧವಾಗಿ ಮಾತನಾಡುವ ಹುಡುಗನು ನಡುವೆ ಎದುರಾಳಿಯ ಮಾತೇ ಸರಿಯೆಂದು ಒಪ್ಪಿಕೊಂಡರೆ ಅವನಿಗೆ ಬಹುಮಾನ ಬರುವುದಿಲ್ಲ. ನಿಜವಾದ ಚರ್ಚೆಯಲ್ಲಾದರೆ ಆ ಹುಡುಗನೇ ಎಲ್ಲರಿಗಿಂತ ಹೆಚ್ಚು ಗಳಿಸಿದವನು.

ಹನ್ನೆರಡನೆಯ ಶತಮಾನದಲ್ಲಿ ಮತಪಂಡಿತರ ವಾದಗಳು ರಾಜರ ಎದುರಿನಲ್ಲಿ ನಡೆಯುತ್ತಿದ್ದವು. ಗೆದ್ದವರಿಗೆ ರಾಜನು ಜಯಪತ್ರವನ್ನು ಕೊಡುತ್ತಿದ್ದನು. ಹಾವೇರಿ ಜಿಲ್ಲೆಯ ಅಬ್ಬಲೂರಿನ ಶಾಸನವೊಂದು ಏಕಾಂತದ ರಾಮಯ್ಯನೆಂಬ ಶಿವಭಕ್ತನಿಗೂ ಜೈನರಿಗೂ ನಡೆದ ವಾದವನ್ನು ವಿವರಿಸಿದೆ. ಅಲ್ಲಿ ಮಾತು ಪಂಥಕ್ಕೆ ತಿರುಗಿತು. ಪಂಥದಲ್ಲಿ ತಲೆಯನ್ನೇ ಪಣವಾಗಿಟ್ಟರು. ರಾಮಯ್ಯನು ತನ್ನ ತಲೆಯನ್ನು ಅರಿದುಕೊಂಡು ಮತ್ತೆ ಪಡೆದನೆಂದೂ ಬಿಜ್ಜಳನು ಅವನಿಗೆ ಜಯಪತ್ರವನ್ನಿತ್ತನೆಂದೂ ಶಾಸನ ಹೇಳುತ್ತದೆ. ಸೋತವರು ತಮ್ಮ ಬಸದಿಯ ಮೂರ್ತಿಯನ್ನು ಕಳೆದುಕೊಂಡರು. ಪವಾಡದ ಮಾತು ಹಾಗಿರಲಿ. ಆ ವಾದ ಮುಗಿದ ಮೇಲೆ ಶಿವಭಕ್ತರು ಜೈನಧರ್ಮದ ವಿಷಯವಾಗಿ, ಜೈನರು ಶಿವಭಕ್ತಿಯ ವಿಷಯವಾಗಿ ಮೊದಲಿಗಿಂತ ಏನನ್ನಾದರೂ ಹೆಚ್ಚು ತಿಳಿದುಕೊಂಡರೇ ಎಂದು ಕೇಳಿದರೆ ಶಾಸನದಲ್ಲಿ ಉತ್ತರವಿಲ್ಲ. ಜಯಪತ್ರ ಬರೆಯಿಸಿದವರಿಗೆ ಆ ಪ್ರಶ್ನೆ ಬೇಕಾಗಿರಲಿಲ್ಲ.

ಅಲ್ಲಮನ ಬಾಳಿನ ಕಥೆಯನ್ನು ಹಿರಿಯ ಕವಿಗಳಿಬ್ಬರು ಎರಡು ಬಗೆಯಾಗಿ ಹೇಳಿದ್ದಾರೆ. ಹರಿಹರನು ಪ್ರಭುದೇವರ ರಗಳೆಯಲ್ಲಿ ಚಿತ್ರಿಸಿದ ಅಲ್ಲಮನು ನಮ್ಮಂತೆಯೇ ನಕ್ಕು ಅತ್ತು ಬಾಳಿದ ಮನುಷ್ಯ. ಎರಡು ಶತಮಾನಗಳ ಅನಂತರ, ವಿಜಯನಗರದ ಪ್ರೌಢದೇವರಾಯನ ಕಾಲದಲ್ಲಿದ್ದ ಚಾಮರಸನು ಪ್ರಭುಲಿಂಗಲೀಲೆಯಲ್ಲಿ ಅವನನ್ನು ಮಾಯೆಗೆ ಸಿಕ್ಕದ ಪರಶಿವನ ಅವತಾರವನ್ನಾಗಿ ಮಾಡಿದನು. ಬನವಾಸಿಯ ಅರಸನ ಮಗಳಾಗಿ ಹುಟ್ಟಿದ ಮಾಯೆಯು ಅಲ್ಲಮನನ್ನು ಒಲಿಸಿಕೊಳ್ಳಲಾರದೆ ಸೋಲುವ ಕಥೆ ಅದು. ಕಾವ್ಯದ ಸೊಗಸು ಅಲ್ಲಿ ಹೆಚ್ಚಿರಬಹುದು. ಆದರೆ ಮನುಷ್ಯನನ್ನು ಅರಿಯಬೇಕೆಂಬವರಿಗೆ ಹರಿಹರನೇ ಹತ್ತಿರದವನು.

ಹರಿಹರನ ಕಥೆಯಂತೆ ಅಲ್ಲಮನು ಸಂಗೀತ ನೃತ್ಯಗಳ ಪರಿಸರದಲ್ಲಿ ಬೆಳೆದವನು. ಮದ್ದಳೆ ಬಾರಿಸುವುದರಲ್ಲಿ ಅವನನ್ನು ಮೀರಿಸುವವರಿರಲಿಲ್ಲ. ದೇವಾಲಯದಲ್ಲಿ ಅವನು ಮದ್ದಳೆ ನುಡಿಸುತ್ತಿದ್ದಾಗ ಕಾಮಲತೆ ಎಂಬ ತರುಣಿಯನ್ನು ಕಂಡು ಮೆಚ್ಚಿದನು; ಅವಳೂ ಅವನನ್ನು ಒಲಿದಳು. ಇಬ್ಬರಿಗೂ ಮದುವೆಯಾಯಿತು. ಆ ಸುಖ ಬಹುಕಾಲ ನಿಲ್ಲಲಿಲ್ಲ. ಕಾಮಲತೆ ಜ್ವರದಿಂದ ತೀರಿಕೊಂಡಳು. ಅಲ್ಲಮನಿಗೆ ಲೋಕವೇ ಬರಿದಾಯಿತು. ಹೆಂಡತಿಯ ಹೆಸರನ್ನು ಕರೆಯುತ್ತ, ಹುಚ್ಚನಂತೆ ಅಲೆಯುತ್ತ ಅವನು ಊರ ಹೊರಗಿನ ಒಂದು ತೋಟಕ್ಕೆ ಬಂದು ಕುಳಿತನು. ಏನನ್ನೋ ನೆನೆಯುತ್ತ ಕಾಲಿನ ಉಗುರಿನಿಂದ ನೆಲವನ್ನು ಕೆದಕುತ್ತಿದ್ದಾಗ ಮಣ್ಣಿನೊಳಗಿಂದ ಹೊನ್ನಿನ ಕಳಶವೊಂದು ಇಣುಕಿತು. ಅಗೆಸಿ ನೋಡಿದರೆ ನೆಲದಡಿಯಲ್ಲಿ ಹುದುಗಿಹೋಗಿದ್ದ ಒಂದು ದೇಗುಲ! ಬಾಗಿಲನ್ನು ತೆರೆದು ಒಳಹೊಕ್ಕಾಗ, ಕಣ್ಣೆವೆ ಮುಚ್ಚದೆ ಕೈಯಲ್ಲಿನ ಲಿಂಗವನ್ನೇ ನೋಡುತ್ತ ಕುಳಿತಿದ್ದ ಅನಿಮಿಷಯ್ಯನೆಂಬ ಯೋಗಿ ಕಾಣಿಸಿದನು. ಆ ಲಿಂಗವು ಅಲ್ಲಮನ ಕೈಗೆ ಬಂದಿತು. ಯೋಗಿಯ ಪ್ರಾಣ ಹೋಯಿತು. ಗುರುವು ಒಂದು ಮಾತನ್ನೂ ಆಡಲಿಲ್ಲ, ಶಿಷ್ಯನು ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. ಮುಂದೆ ನಾಡನ್ನೆಲ್ಲ ಪ್ರಶ್ನೆಗಳಿಂದ ಕಾಡಿದ ಮಹಾನುಭಾವನಿಗೆ ಉಪದೇಶವಾದದ್ದು ಹೀಗೆ ಮೌನದಲ್ಲಿ. ಅಲ್ಲಿಂದ ಹೊರಬಂದವನು ಮದ್ದಳೆಯ ಅಲ್ಲಮನಲ್ಲ. ಇನ್ನು ಮುಂದೆ ನಾವೂ ಅವರನ್ನು ಪ್ರಭುದೇವರೆಂದೇ ಕರೆಯೋಣ.

ಪ್ರಭುದೇವರು ಒಂದೆಡೆ ನೆಲೆ ನಿಲ್ಲಲಿಲ್ಲ. ಊರಿಂದೂರಿಗೆ ಸಂಚರಿಸುತ್ತ, ಸಾಧಕರನ್ನು ಹುಡುಕಿಕೊಂಡು ಹೋಗಿ ಮಾತನಾಡಿಸಿದರು. ಈ ಭೇಟಿಗಳ ವಿವರ ನಮಗೆ ಸಿಕ್ಕುವುದು ಶೂನ್ಯಸಂಪಾದನೆ ಎಂಬ ಗ್ರಂಥದಲ್ಲಿ. ಹದಿನೈದನೆಯ ಶತಮಾನದಲ್ಲಿ ಶಿವಗಣಪ್ರಸಾದಿ ಮಹಾದೇವಯ್ಯನೆಂಬ ವಿದ್ವಾಂಸನು ಶರಣರ ವಚನಗಳನ್ನು ಕಲೆಹಾಕಿ, ಒಬ್ಬರು ಕೇಳಿದಂತೆ ಇನ್ನೊಬ್ಬರು ಉತ್ತರಿಸಿದಂತೆ ಹೊಂದಿಸಿ ಇದನ್ನು ರಚಿಸಿದನು. ಪ್ರಭುದೇವರು ಆಡಿದ ಮಾತನ್ನು ಅಲ್ಲಿಯೇ ಕುಳಿತು ಬರೆದುಕೊಂಡ ವರದಿ ಇದಲ್ಲವೆಂಬುದನ್ನು ನಾವು ಮರೆಯಬಾರದು. ಆದರೂ ಇದರಲ್ಲಿನ ವಚನಗಳು ಶರಣರವು. ಆ ಕಾಲದ ಸಂವಾದಗಳ ಉಸಿರು ಅವುಗಳಲ್ಲಿದೆ.

ಮೊದಲು ಎದುರಾದವಳು ಮುಕ್ತಾಯಕ್ಕ. ಅವಳ ಅಣ್ಣ ಅಜಗಣ್ಣನೇ ಅವಳಿಗೆ ಗುರು. ತನ್ನ ಭಕ್ತಿಯನ್ನು ಯಾರ ಕಣ್ಣಿಗೂ ಬೀಳದಂತೆ ಬಚ್ಚಿಟ್ಟುಕೊಂಡು ಬಾಳಿದ ಆತ ಅಕಸ್ಮಾತ್ತಾಗಿ ತೀರಿಕೊಂಡಿದ್ದನು. ಅಣ್ಣನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಅವಳು ಅಳುತ್ತಿದ್ದಾಗ ಪ್ರಭುದೇವರು ಅಲ್ಲಿಗೆ ಬಂದರು. ಹೆಂಡತಿಯನ್ನು ಕಳೆದುಕೊಂಡು ಅಲೆದಿದ್ದ ಅವರಿಗೆ ಆ ದುಃಖ ಹೊಸದೇನೂ ಆಗಿರಲಿಲ್ಲ. ಆದರೂ ಅವರು ಸಮಾಧಾನದ ಮಾತಿಗೆ ತೊಡಗದೆ, ಅರಿವನ್ನು ಪಡೆದವನಿಗೆ ಸಾವು ಎಲ್ಲಿಯದು, ಅವನಿಗಾಗಿ ಅಳುವುದೇಕೆ ಎಂಬ ಅರ್ಥದ ಪ್ರಶ್ನೆಗಳನ್ನು ಕೇಳಿದರು. ಮುಕ್ತಾಯಕ್ಕ ತಲೆಬಾಗಿ ಸುಮ್ಮನಾಗಲಿಲ್ಲ. ಅರಿತವನಾದರೆ ಇಷ್ಟೊಂದು ಮಾತೇಕೆ, ಅರಿವು ಮಾತಿಗೆ ನಿಲುಕುವಂಥದೇ ಎಂದು ಅವಳು ಅವರನ್ನೇ ಮರುಪ್ರಶ್ನಿಸಿದಳು. ಅದು ಪ್ರಭುದೇವರ ಬುಡಕ್ಕೇ ಬಿದ್ದ ಪೆಟ್ಟು. ಸಭೆಯಲ್ಲಿನ ಪಂಡಿತನಾಗಿದ್ದರೆ ಹೆಣ್ಣುಮಗಳ ಅಧಿಕಪ್ರಸಂಗವೆಂದು ಕೆರಳುತ್ತಿದ್ದನು, ಇಲ್ಲವೆ ಯಾವುದಾದರೊಂದು ಶಾಸ್ತ್ರವಾಕ್ಯವನ್ನು ಮುಂದೊಡ್ಡಿ ತಪ್ಪಿಸಿಕೊಳ್ಳುತ್ತಿದ್ದನು. ಪ್ರಭುದೇವರು ಆ ಪ್ರಶ್ನೆಯನ್ನು ತಮ್ಮದಾಗಿ ಮಾಡಿಕೊಂಡರು, ನಿಂತು ಉತ್ತರಿಸಿದರು, ಅವಳ ಉತ್ತರವನ್ನೂ ಕೇಳಿದರು. ಮಾತು ಮುಗಿಯುವ ಹೊತ್ತಿಗೆ ಅವಳ ಅಳಲು ಕರಗಿ ಅರಿವಾಯಿತು. ಅವಳು ಸೋತಳೆಂದು ಗ್ರಂಥಕಾರನು ಎಲ್ಲಿಯೂ ಬರೆಯುವುದಿಲ್ಲ.

ಸೊನ್ನಲಿಗೆಯಲ್ಲಿ, ಎಂದರೆ ಇಂದಿನ ಸೊಲ್ಲಾಪುರದಲ್ಲಿ ನಡೆದುದು ಇದಕ್ಕಿಂತ ಬಿರುಸಾದ ಪ್ರಸಂಗ. ಅಲ್ಲಿ ಸಿದ್ಧರಾಮನು ಸಾವಿರಾರು ಜನರನ್ನು ಕೂಡಿಸಿಕೊಂಡು ಕೆರೆ ಕಟ್ಟಿಸುತ್ತಿದ್ದನು, ಗುಡಿಗಳನ್ನು ಎತ್ತಿಸುತ್ತಿದ್ದನು. ಜನ ಅವನನ್ನು ದೇವರೆಂದೇ ನಂಬಿದ್ದರು. ಪ್ರಭುದೇವರು ಬಂದವರೇ ಮಣ್ಣು ಹೊರುವವರ ಎದುರಿನಲ್ಲಿ ಅವರ ಒಡೆಯನನ್ನು ಒಡ್ಡನೆಂದು ಕರೆದು ಕೇಳಿದರು. ಕೆಲಸಗಾರರು ಸಿಟ್ಟಿಗೆದ್ದು ಕಲ್ಲುಗಳನ್ನು ಬೀರಿದರು. ಸುದ್ದಿ ಕೇಳಿ ಸಿದ್ಧರಾಮನೂ ಕೋಪದಿಂದ ಕಿಡಿಕಿಡಿಯಾಗಿ ಬಂದನು. ಅವನು ಹಣೆಗಣ್ಣನ್ನೇ ತೆರೆದನೆಂದೂ ಆ ಉರಿ ಪ್ರಭುದೇವರ ಪಾದದಲ್ಲಿ ಅಡಗಿತೆಂದೂ ಕಥೆ ಹೇಳುತ್ತದೆ. ಇದು ಜಗಳವಲ್ಲದೆ ಮತ್ತೇನು? ಇಲ್ಲಿ ಪಕ್ಷವಿಲ್ಲ, ಪ್ರತಿಪಕ್ಷವಿಲ್ಲ. ಒಂದು ಕಡೆ ಮನಸ್ಸಿಗೆ ನಾಟುವ ಮಾತು, ಇನ್ನೊಂದು ಕಡೆ ಕೈಗೆ ಸಿಕ್ಕಿದ ಕಲ್ಲು. ಆದರೆ ಪ್ರಭುದೇವರು ಕಲ್ಲಿಗೆ ಕಲ್ಲನ್ನು ಎಸೆಯಲಿಲ್ಲ. ಸಿದ್ಧರಾಮನ ಕೋಪ ತಣಿಯುವವರೆಗೆ ಕಾದು, ಅನಂತರ ಅವನಿಗೆ ಒಂದು ವಿಷಯವನ್ನು ತೋರಿಸಿಕೊಟ್ಟರು: ಲೋಕಕ್ಕಾಗಿ ಕೆರೆ ಕಟ್ಟಿಸುವುದು ದೊಡ್ಡದೇ ಇರಬಹುದು, ಆದರೆ ಕಟ್ಟಿಸಿದವನು ನಾನೆಂಬ ಭಾವ ಒಳಗೆ ಉಳಿದುಕೊಂಡಿದ್ದರೆ ಅದನ್ನು ಅಗೆದು ತೆಗೆಯುವವರು ಯಾರು? ಸಿದ್ಧರಾಮನಿಗೆ ಕೋಪ ಬಂದದ್ದೇ ಆ ಪ್ರಶ್ನೆಗೆ ಸಾಕ್ಷಿಯಾಯಿತು. ಅವನು ತನ್ನ ಪಟ್ಟವನ್ನೂ ಪರಿವಾರವನ್ನೂ ಬಿಟ್ಟು ಪ್ರಭುದೇವರೊಡನೆ ಕಲ್ಯಾಣಕ್ಕೆ ಹೊರಟನು.

ಪ್ರಭುದೇವರ ಈ ರೀತಿಯನ್ನು ಎಲ್ಲರೂ ಅನುಸರಿಸಬಹುದೆಂದು ನಾನು ಹೇಳಲಾರೆ. ಅವರ ನಾಲಗೆ ಬಹು ಹರಿತ. ಮಣ್ಣು ಹೊತ್ತು ಬಾಳುತ್ತಿದ್ದ ಜನ ತಮ್ಮ ಒಡೆಯನ ಮೇಲಣ ಪ್ರೀತಿಯಿಂದ ಕಲ್ಲೆತ್ತಿದ್ದರಲ್ಲಿ ಅಂಥ ತಪ್ಪೇನಿದೆ ಎಂದೂ ಕೇಳಬಹುದು. ಸಿದ್ಧರಾಮನು ಕಟ್ಟಿಸಿದ ಕೆರೆಯ ನೀರು ಎಷ್ಟೋ ಜನರ ಬಾಯಾರಿಕೆಯನ್ನು ಹಿಂಗಿಸಿತು, ಅದೂ ಸುಳ್ಳಲ್ಲ.

ಕಲ್ಯಾಣವೆಂದರೆ ನಮ್ಮ ಬೀದರ ಜಿಲ್ಲೆಯ ಬಸವಕಲ್ಯಾಣ. ಬೀದರಿನ ಅಂಚಿನ ನೌಬಾದದಿಂದ ಹುಮನಾಬಾದಿನ ಮೇಲೆ ಹೋದರೆ ಸುಮಾರು 80 ಕಿಲೋಮೀಟರು. ಚಾಲುಕ್ಯರ ರಾಜಧಾನಿಯಾಗಿದ್ದ ಈ ನಗರ 1157ರ ಸುಮಾರಿಗೆ ಅಧಿಕಾರವನ್ನು ಹಿಡಿದ ಕಳಚುರಿ ಬಿಜ್ಜಳನ ವಶವಾಗಿತ್ತು. ಅವನ ಭಂಡಾರಿಯಾಗಿದ್ದವರು ಬಸವಣ್ಣನವರು. ಅವರ ಸುತ್ತ ನಾಡಿನ ಮೂಲೆಮೂಲೆಗಳಿಂದ ಶರಣರು ಬಂದು ನೆರೆದಿದ್ದರು.

ಪ್ರಭುದೇವರೂ ಸಿದ್ಧರಾಮನೂ ಬಸವಣ್ಣನವರ ಮನೆಯ ಬಾಗಿಲಿಗೆ ಬಂದಾಗ ಬಸವಣ್ಣನವರು ಲಿಂಗಪೂಜೆಯಲ್ಲಿ ಮುಳುಗಿದ್ದರು. ತಾವು ಏಳದೆ, ಅತಿಥಿಗಳನ್ನು ಕರೆತರಲು ಹಡಪದ ಅಪ್ಪಣ್ಣನನ್ನು ಕಳುಹಿಸಿದರು. ಪ್ರಭುದೇವರು ಹೊಸ್ತಿಲನ್ನು ದಾಟಲಿಲ್ಲ. ಆಗ ಬಸವಣ್ಣನವರ ಸೋದರಳಿಯ ಚನ್ನಬಸವಣ್ಣನು, ಜಂಗಮನನ್ನು ಬಾಗಿಲಲ್ಲಿ ನಿಲ್ಲಿಸಿ ಮಾಡುವ ಪೂಜೆ ಪೂಜೆಯೇ ಅಲ್ಲವೆಂದು ಮಾವನಿಗೆ ನೇರವಾಗಿ ತಿಳಿಸಿದನು. ವಯಸ್ಸಿನಲ್ಲಿ ಚಿಕ್ಕವನು, ಎದುರಿಗಿದ್ದವರು ಸೋದರಮಾವ, ಅದರ ಮೇಲೆ ರಾಜ್ಯದ ಭಂಡಾರಿ. ಬಸವಣ್ಣನವರು ಒಂದು ಸಮಜಾಯಿಷಿಯನ್ನೂ ಹೇಳದೆ ತಪ್ಪನ್ನು ಒಪ್ಪಿಕೊಂಡು, ಹೊರಗೆ ಓಡಿಬಂದು ಪ್ರಭುದೇವರ ಕಾಲಿಗೆರಗಿದರು. ಕಲ್ಯಾಣದಲ್ಲಿ ಮುಂದೆ ನಡೆದ ಗೋಷ್ಠಿಗಳ ನಡೆ ಎಂಥದೆಂಬುದು ಆ ಹೊಸ್ತಿಲಲ್ಲಿಯೇ ಗೊತ್ತಾಗಿಬಿಟ್ಟಿತು. ಮಾತು ಯಾರದೆಂಬುದಕ್ಕಿಂತ ಏನೆಂಬುದಕ್ಕೆ ಅಲ್ಲಿ ಬೆಲೆ ಹೆಚ್ಚು.

ಆ ಗೋಷ್ಠಿಯನ್ನೇ ನಾವು ಅನುಭವ ಮಂಟಪವೆಂದು ಕರೆಯುತ್ತೇವೆ. ಅದು ಕಲ್ಲುಕಂಬಗಳ ಕಟ್ಟಡವಾಗಿತ್ತೇ, ಅಥವಾ ಶರಣರು ಕೂಡಿದ ಸಭೆಗೇ ಆ ಹೆಸರು ಬಂದಿತೇ ಎಂಬುದರಲ್ಲಿ ವಿದ್ವಾಂಸರಲ್ಲಿ ಒಮ್ಮತವಿಲ್ಲ. ಭಾಲ್ಕಿ ಹಿರೇಮಠದ ಚನ್ನಬಸವ ಪಟ್ಟದ್ದೇವರು ಇಪ್ಪತ್ತನೆಯ ಶತಮಾನದಲ್ಲಿ ಬಸವಕಲ್ಯಾಣದಲ್ಲಿ ಅನುಭವ ಮಂಟಪದ ಕಟ್ಟಡವನ್ನು ಕಟ್ಟಿಸಿದರು. 2021ರಲ್ಲಿ ಸರ್ಕಾರದ ಕಡೆಯಿಂದ ಇನ್ನೊಂದು ಭವ್ಯ ಮಂಟಪಕ್ಕೆ ಶಂಕುಸ್ಥಾಪನೆ ನಡೆಯಿತು. ಕಟ್ಟಡದ ಮಾತು ಹೇಗೇ ಇರಲಿ, ಅಲ್ಲಿ ಕುಳಿತವರನ್ನು ನೆನೆದರೆ ಬೆರಗಾಗುತ್ತದೆ. ಬಟ್ಟೆ ಮಡಿ ಮಾಡುವ ಮಾಚಯ್ಯ, ದೋಣಿ ನಡೆಸುವ ಚೌಡಯ್ಯ, ತೊಗಲು ಹದ ಮಾಡುವ ಡೋಹರ ಕಕ್ಕಯ್ಯ, ಹುಲ್ಲಿನ ಹಗ್ಗ ಹೊಸೆಯುವ ನುಲಿಯ ಚಂದಯ್ಯ, ಕಟ್ಟಿಗೆ ಮಾರುವ ಮೋಳಿಗೆಯ ಮಾರಯ್ಯ! ಶಾಸ್ತ್ರವಾದದ ಸಭೆಗಳಲ್ಲಿ ಇವರಲ್ಲಿ ಒಬ್ಬರಿಗೂ ಬಾಯಿ ತೆರೆಯುವ ಅವಕಾಶವಿರಲಿಲ್ಲ. ವಾದಕ್ಕೆ ಸಂಸ್ಕೃತ ಬೇಕು, ತರ್ಕದ ಪರಿಭಾಷೆ ಬೇಕು, ಗುರುಕುಲದಲ್ಲಿ ಕಳೆದ ವರ್ಷಗಳು ಬೇಕು. ಕಲ್ಯಾಣದ ಗೋಷ್ಠಿಗೆ ಬೇಕಾದುದು ತನ್ನ ಬದುಕಿನಲ್ಲಿ ತಾನು ಕಂಡ ಅನುಭವ, ಅದನ್ನು ಹೇಳಲು ಕನ್ನಡ. ಹೀಗಾಗಿ ಅಲ್ಲಿ ಚರ್ಚೆ ಎಂಬುದು ಪಂಡಿತರ ವಿನೋದವಾಗಿ ಉಳಿಯಲಿಲ್ಲ. ಮಾತಿನ ಹಕ್ಕನ್ನೇ ಕಳೆದುಕೊಂಡಿದ್ದ ಜನ ಅದನ್ನು ಮರಳಿ ಪಡೆದ ಜಾಗ ಅದು.

ಉಡುತಡಿಯಿಂದ ಹೊರಟು, ಅರಮನೆಯನ್ನೂ ಐಶ್ವರ್ಯವನ್ನೂ ತೊರೆದು, ತಲೆಗೂದಲನ್ನೇ ಉಡುಗೆಯಾಗಿ ಮಾಡಿಕೊಂಡು ಅಕ್ಕಮಹಾದೇವಿ ಕಲ್ಯಾಣಕ್ಕೆ ಬಂದಳು. ಪ್ರಭುದೇವರು ಅವಳನ್ನು ತುಂಬಿದ ಸಭೆಯಲ್ಲಿ ನಿಲ್ಲಿಸಿ ಪ್ರಶ್ನಿಸಿದರು. ನಿನ್ನ ಪತಿ ಯಾರು, ದೇಹದ ಹಂಬಲವನ್ನು ಬಿಟ್ಟೆನೆನ್ನುವವಳು ಕೂದಲಿನಿಂದ ಮೈ ಮುಚ್ಚಿಕೊಂಡುದೇಕೆ ಎಂಬಂಥ ಪ್ರಶ್ನೆಗಳು ಅವು. ಓದುವಾಗ ಇದು ವಿಚಾರಣೆಯೋ ಸಂವಾದವೋ ಎಂದು ಮನಸ್ಸು ಅಳುಕುತ್ತದೆ. ಅಷ್ಟು ದೂರ ಒಬ್ಬಳೇ ನಡೆದು ಬಂದ ಎಳೆಯ ಹೆಣ್ಣುಮಗಳನ್ನು ಹೀಗೆ ಕೇಳಬೇಕಾಗಿತ್ತೇ? ನನಗಂತೂ ಆ ಮೊದಲ ಪ್ರಶ್ನೆಗಳು ಕಠಿಣವಾಗಿಯೇ ತೋರುತ್ತವೆ. ಆದರೆ ಮುಂದೆ ಓದಿದಾಗ ಇನ್ನೊಂದು ಸಂಗತಿ ಕಣ್ಣಿಗೆ ಬೀಳುತ್ತದೆ. ಅಕ್ಕನು ಒಂದೊಂದು ಉತ್ತರವನ್ನು ಕೊಟ್ಟಂತೆ ಪ್ರಭುದೇವರ ಪ್ರಶ್ನೆ ಬದಲಾಗುತ್ತ ಹೋಗುತ್ತದೆ. ತನ್ನ ಮೈಯನ್ನು ಕಂಡು ಇತರರ ಮನಸ್ಸು ನೋಯಬಾರದೆಂದು ಮರೆ ಮಾಡಿಕೊಂಡೆನೆಂಬ ಅರ್ಥದಲ್ಲಿ ಅವಳು ಉತ್ತರಿಸಿದಾಗ ಅವರು ಅದನ್ನು ಕೇಳಿಸಿಕೊಂಡರು. ಕೇಳಿಸಿಕೊಂಡು ಮುಂದಿನ ಮೆಟ್ಟಿಲಿಗೆ ಹೋದರು. ಜಗಳವಾಡುವವನು ಉತ್ತರ ಬಂದ ಮೇಲೆಯೂ ಹಳೆಯ ಪ್ರಶ್ನೆಯನ್ನೇ ಗಟ್ಟಿಯಾಗಿ ಕೇಳುತ್ತಾನೆ. ಕೊನೆಯಲ್ಲಿ ಪ್ರಭುದೇವರು ಅವಳ ನಿಲುವನ್ನು ಸಭೆಯ ಎದುರಿನಲ್ಲಿ ಕೊಂಡಾಡಿದರು. ಬಸವಣ್ಣನವರೂ ಚನ್ನಬಸವಣ್ಣನೂ ಅವಳಿಗೆ ಕೈಮುಗಿದರು. ಸಭೆಯಲ್ಲಿದ್ದವರೆಲ್ಲರಿಗಿಂತ ಕಿರಿಯಳಾದವಳು ಎಲ್ಲರಿಗೂ ಅಕ್ಕನಾದಳು.

ಚರ್ಚೆ ಎಷ್ಟೇ ಹಿರಿದಾದರೂ ಅದಕ್ಕೂ ಒಂದು ಮಿತಿಯುಂಟು. ಇದನ್ನು ಕಲ್ಯಾಣಕ್ಕೆ ತೋರಿಸಿಕೊಟ್ಟವಳು ಆಯ್ದಕ್ಕಿ ಲಕ್ಕಮ್ಮ. ಅವಳ ಗಂಡ ಮಾರಯ್ಯನು ಬಸವಣ್ಣನವರ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ದಾಸೋಹ ನಡೆಸುತ್ತಿದ್ದನು. ಒಂದು ದಿನ ಪ್ರಭುದೇವರೊಡನೆ ಕಾಯಕದ ವಿಷಯವಾಗಿ ಮಾತಿಗೆ ಕುಳಿತವನಿಗೆ ಹೊತ್ತು ಹೋದದ್ದೇ ತಿಳಿಯಲಿಲ್ಲ. ಕಾಯಕವೇ ಹಿರಿದೆಂದು ವಾದಿಸುತ್ತ ಕುಳಿತು ತನ್ನ ಕಾಯಕವನ್ನೇ ಮರೆತನು! ಲಕ್ಕಮ್ಮ ಬಂದು ಕೆಲಸ ನಿಂತಿದೆಯೆಂದು ನೆನಪಿಸಿದಳು. ಅವನು ಗಡಿಬಿಡಿಯಿಂದ ಹೋಗಿ ಎಂದಿಗಿಂತ ಹೆಚ್ಚು ಅಕ್ಕಿಯನ್ನು ತಂದಾಗ, ಇದು ನಮ್ಮ ಅಗತ್ಯಕ್ಕೆ ಮೀರಿದ್ದು, ಹೆಚ್ಚಿನದನ್ನು ಅಲ್ಲಿಯೇ ಸುರಿದು ಬಾ ಎಂದು ಹಿಂದಕ್ಕಟ್ಟಿದಳು. ಮಹಾಜ್ಞಾನಿಗಳ ಮಾತುಕತೆಯ ನಡುವೆ ಅಕ್ಕಿ ಆಯುವವನ ಹೆಂಡತಿ ಬಂದಳೆಂದು ಯಾರೂ ಹುಬ್ಬು ಗಂಟಿಕ್ಕಲಿಲ್ಲ. ಅವಳ ವಚನಗಳೂ ಇಂದು ನಮ್ಮ ಸಾಹಿತ್ಯದಲ್ಲಿ ಉಳಿದಿವೆ.

ಪ್ರಭುದೇವರು ಕಲ್ಯಾಣದಿಂದ ಹೊರಟು ಮತ್ತೆ ಸಂಚಾರ ಕೈಗೊಂಡಾಗ ಗೋರಕ್ಷನೆಂಬ ಸಿದ್ಧನು ಎದುರಾದನು. ಯೋಗಬಲದಿಂದ ಅವನು ತನ್ನ ದೇಹವನ್ನು ವಜ್ರದಂತೆ ಮಾಡಿಕೊಂಡಿದ್ದನಂತೆ. ಅವನಿಗೆ ಮಾತು ಬೇಕಾಗಿರಲಿಲ್ಲ, ಪಂದ್ಯ ಬೇಕಾಗಿತ್ತು. ತನ್ನನ್ನು ಕತ್ತಿಯಿಂದ ಹೊಡೆದು ನೋಡುವಂತೆ ಅವನು ಕೇಳಿಕೊಂಡನು. ಹೊಡೆದಾಗ ಕಲ್ಲಿಗೆ ಬಡಿದಂತೆ ಖಣಿಲೆಂದು ಸದ್ದಾಯಿತು. ಒಂದು ಕೂದಲೂ ಕೊಂಕಲಿಲ್ಲ. ಅನಂತರ ಪ್ರಭುದೇವರು ಅದೇ ಕತ್ತಿಯನ್ನು ಅವನ ಕೈಗೆ ಕೊಟ್ಟು ತಮ್ಮನ್ನು ಹೊಡೆಯಹೇಳಿದರು. ಗಾಳಿಯಲ್ಲಿ ಬೀಸಿದಂತೆ ಕತ್ತಿ ಅವರ ದೇಹದ ನಡುವೆ ಸುಳಿದಾಡಿತು. ತಾಗಲು ಅಲ್ಲಿ ಏನೂ ಇರಲಿಲ್ಲ. ಇದು ಕವಿಗಳು ಕಟ್ಟಿದ ಕಥೆಯೇ ಇರಬಹುದು. ಆದರೆ ವಾದದ ಸಭೆಗಳನ್ನು ನೆನಪಿನಲ್ಲಿಟ್ಟುಕೊಂಡು ಓದಿದರೆ ಇದರ ಅರ್ಥ ಸ್ಪಷ್ಟವಾಗುತ್ತದೆ. ಗೋರಕ್ಷನದು ಪೆಟ್ಟಿಗೆ ಜಗ್ಗದ ಪಕ್ಷ. ಪ್ರಭುದೇವರಲ್ಲಿ ಕಾಪಾಡಿಕೊಳ್ಳಬೇಕಾದ ನಾನೆಂಬುದೇ ಇಲ್ಲ. ಅಂಥವರೊಡನೆ ಪಂದ್ಯ ಕಟ್ಟುವುದು ಹೇಗೆ? ಗೋರಕ್ಷನು ಕತ್ತಿಯನ್ನು ಕೆಳಗಿಟ್ಟು ಪ್ರಶ್ನೆ ಕೇಳುವವನಾದನು.

ಸಂಚಾರದಿಂದ ಹಿಂದಿರುಗಿದ ಪ್ರಭುದೇವರು ಕಲ್ಯಾಣದಲ್ಲಿ ಶೂನ್ಯಸಿಂಹಾಸನವನ್ನು ಏರಿದರೆಂದು ಗ್ರಂಥಗಳು ಹೇಳುತ್ತವೆ. ದೇವಾಲಯದಲ್ಲಿ ಮದ್ದಳೆ ಬಾರಿಸುತ್ತಿದ್ದವರು ಪೀಠದ ಮೇಲೆ. ರಾಜ್ಯದ ಭಂಡಾರಿ ಕೆಳಗೆ.

ಅವರು ಬಿಟ್ಟುಹೋದ ವಚನಗಳು ಸಾವಿರಕ್ಕೂ ಹೆಚ್ಚು. ಗುಹೇಶ್ವರ ಎಂಬುದು ಅವರ ಅಂಕಿತ. ಅವುಗಳಲ್ಲಿ ಹಲವು ಬೆಡಗಿನ ವಚನಗಳು. ಮೇಲೆ ನೋಡಿದರೆ ಒಗಟಿನಂತೆ ತೋರುತ್ತವೆ. ನೌಬಾದದಲ್ಲಿ ಬಹಮನಿ ಅರಸರ ಕಾಲದ ಸುರಂಗ ಬಾವಿಗಳಿವೆಯಷ್ಟೆ. ನೆಲದ ಮೇಲೆ ನಡೆಯುವವನಿಗೆ ಅಲ್ಲಿ ನೀರು ಹರಿಯುವುದು ಕಾಣಿಸುವುದಿಲ್ಲ. ಸಾಲಾಗಿ ತೋಡಿದ ಬಾಯಿಗಳಲ್ಲಿ ಒಂದರೊಳಗೆ ಬಾಗಿ ನೋಡಿದವನಿಗೆ ಮಾತ್ರ ಕೆಳಗಿನ ಹರಿವು ತಿಳಿಯುತ್ತದೆ. ಪ್ರಭುದೇವರ ವಚನಗಳ ಓದೂ ಹಾಗೆಯೇ. ಅವರು ಉತ್ತರವನ್ನು ಕೈಗೆ ಕೊಡುವುದಿಲ್ಲ. ಓದುವವನು ತಾನೇ ಬಾಗಬೇಕು.

ಕಲ್ಯಾಣದ ಗೋಷ್ಠಿ ಬಹುಕಾಲ ನಡೆಯಲಿಲ್ಲ. ಸಮಗಾರ ಹರಳಯ್ಯನ ಮಗನಿಗೂ ಬ್ರಾಹ್ಮಣ ಮಂತ್ರಿ ಮಧುವರಸನ ಮಗಳಿಗೂ ಮದುವೆಯಾಯಿತೆಂದು ಪರಂಪರೆ ಹೇಳುತ್ತದೆ. ಗೋಷ್ಠಿಯಲ್ಲಿ ಒಟ್ಟಿಗೆ ಕುಳಿತು ಮಾತನಾಡಿದವರಿಗೆ ಅದು ಸಹಜವಾದ ಸಂಬಂಧವಾಗಿತ್ತು. ಗೋಷ್ಠಿಯ ಹೊರಗಿದ್ದವರಿಗೆ ಅದು ಸಹಿಸಲಾಗದ ಅಪರಾಧ. ಈ ಮದುವೆ ಸರಿಯೋ ತಪ್ಪೋ ಎಂದು ಕುಳಿತು ವಿಚಾರಿಸುವ ಸಭೆ ರಾಜನ ಬಳಿ ನಡೆಯಲಿಲ್ಲ. ವಾದವೂ ಇಲ್ಲ, ಜಯಪತ್ರವೂ ಇಲ್ಲ, ನೇರವಾಗಿ ಶಿಕ್ಷೆ. ಹರಳಯ್ಯ ಮಧುವರಸರನ್ನು ಕ್ರೂರವಾಗಿ ಕೊಲ್ಲಿಸಲಾಯಿತು. ಊರು ಹೊತ್ತಿ ಉರಿಯಿತು. 1167ರ ಸುಮಾರಿಗೆ ಬಿಜ್ಜಳನ ಆಳ್ವಿಕೆಯೂ ಕೊನೆಗೊಂಡಿತು. ಅವನು ಕೊಲೆಯಾದನೆಂದು ಕಥೆಗಳು ಹೇಳುತ್ತವೆ. ಬಸವಣ್ಣನವರು ಕೂಡಲಸಂಗಮಕ್ಕೆ ಹೋದರು. ಚನ್ನಬಸವಣ್ಣನು ಉಳಿದ ಶರಣರೊಡನೆ ವಚನಗಳ ಕಟ್ಟುಗಳನ್ನು ಹೊತ್ತು ಉಳವಿಯ ಕಾಡಿನ ದಾರಿ ಹಿಡಿದನು. ಪ್ರಭುದೇವರು ಶ್ರೀಶೈಲದ ಕದಳಿಯಲ್ಲಿ ಬಯಲಾದರೆಂದು ಹೇಳುತ್ತಾರೆ.

ಗೋಷ್ಠಿ ಚದರಿದ ಮೇಲೆ ತಾಳೆಗರಿಗಳು ಮಾತ್ರ ಉಳಿದವು. ಸುಮಾರು ಇನ್ನೂರೈವತ್ತು ವರ್ಷಗಳ ಅನಂತರ ಅವುಗಳನ್ನು ಕೂಡಿಸಿದ ಶಿವಗಣಪ್ರಸಾದಿ ಮಹಾದೇವಯ್ಯನು ಪ್ರಭುದೇವರನ್ನು ಹೊಗಳುವ ಸ್ತೋತ್ರವನ್ನು ಬರೆಯಬಹುದಾಗಿತ್ತು. ಅವರ ಸಿದ್ಧಾಂತವನ್ನು ಸೂತ್ರಗಳಾಗಿ ಜೋಡಿಸಬಹುದಾಗಿತ್ತು. ಅವನು ಎರಡನ್ನೂ ಬಿಟ್ಟು ಪ್ರಶ್ನೆ ಉತ್ತರಗಳ ರೂಪವನ್ನೇ ಆರಿಸಿಕೊಂಡನು. ಅವನ ತರುವಾಯ ಬಂದವನು ಹಲಗೆಯಾರ್ಯ. ಅವನು ಮತ್ತೊಂದು ಶೂನ್ಯಸಂಪಾದನೆಯನ್ನು ಸಿದ್ಧಪಡಿಸಿದನು. ಅನಂತರ ಗುಮ್ಮಳಾಪುರದ ಸಿದ್ಧಲಿಂಗಯತಿಯೂ ಗೂಳೂರು ಸಿದ್ಧವೀರಣ್ಣನೂ ಅದೇ ವಚನಗಳನ್ನು ಇನ್ನೊಂದು, ಮತ್ತೊಂದು ಬಗೆಯಾಗಿ ಹೊಂದಿಸಿದರು. ಈ ನಾಲ್ಕೂ ಶೂನ್ಯಸಂಪಾದನೆಗಳು ಇಂದಿಗೂ ಉಳಿದುಬಂದಿವೆ.